ಮುದುಕನ ಹಾಸಿಗೆ

ಗೇಟಿನ ಚಿಲಕವನ್ನು ಸದ್ದಾಗದಂತೆ ಎತ್ತುವುದು ದರ್ಜಿಯಮ್ಮನಿಗೆ ಗೊತ್ತಿತ್ತು, ಸ್ವಂತ ಮನೆಯದಲ್ಲವೇ. ನಾಳೆ ಬರುತ್ತೇನೆಂದು ಹೇಳಿದ್ದವಳು ಇವತ್ತೇ ಬಂದಿದ್ದಳು, ಅದೂ ಉಂಡವರು ತೂಕಡಿಸುವ ಹೊತ್ತಿಗೆ. ಕಳ್ಳರನ್ನು ಹಿಡಿಯಬೇಕಾದರೆ ಕಳ್ಳರ ಹಾಗೇ ಕಾಲಿಡಬೇಕು.

ಹೋದ ವಾರ ತಂಗಿಯ ಆಪರೇಶನ್ನಿಗೆ ಹೊರಡುವಾಗ, ಕಣ್ಣು ಕಾಣದ ಮುದಿ ನಾಯಿಯನ್ನು ಯಾರ ಕೈಗೆ ಒಪ್ಪಿಸುವುದೆಂದು ತೋಚದೆ ಒದ್ದಾಡಿದ್ದಳು. ಆಗ ತಂಗಿಯ ಮಗ ಫೋನಿನಲ್ಲೇ ಒಂದು ಜೋಡಿಯನ್ನು ಹುಡುಕಿಕೊಟ್ಟ.

"ದುಡ್ಡೇ ಬೇಡ್ವಂತೆ ದೊಡ್ಡಮ್ಮ. ಇರೋಕೆ ಜಾಗ ಕೊಟ್ರೆ ಮನೆ, ನಾಯಿ ಎರಡೂ ನೋಡ್ಕೋತಾರೆ. ಗಂಡ ಹೆಂಡ್ತಿ ಹೀಗೇ ಮನೆಯಿಂದ ಮನೆಗೆ ಹೋಗ್ತಾ ಲೋಕ ಸುತ್ತುತಾರಂತೆ."

"ಕೈಯಲ್ಲಿ ಕಾಸಿಲ್ಲದೋರಿಗೆ ಲೋಕ ಯಾಕಪ್ಪ?"

"ನೋಡೋಕೆ ಕಣ್ಣಿದ್ರೆ ಸಾಲ್ದಾ?"

ಬಂದವರು ಅವಳ ಓರಗೆಯವರೇ. ಬೆನ್ನಿಗೊಂದೊಂದು ಚೀಲ, ಅಷ್ಟೇ. ಗಂಡ ಮಾತಿಗೆ ಮೊದಲು ನಗುವವನು. ಹೆಂಡತಿ ಬಂದ ಕೂಡಲೇ ನೆಲದ ಮೇಲೆ ಕೂತು "ಏನೋ ಮುದುಕ" ಎಂದು ನಾಯಿಯ ಕಿವಿ ಕೆರೆದಳು. ಅಷ್ಟೊಂದು ಒಳ್ಳೆಯತನ ದರ್ಜಿಯಮ್ಮನಿಗೆ ಸೇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಮ್ಮ ಬಿಟ್ಟುಹೋದ ಎರಡು ಚಿನ್ನದ ಬಳೆ ಬಿಟ್ಟರೆ ಅವಳಿಗೆ ಬೇರೆ ಆಸ್ತಿಯಿಲ್ಲ. ಬೀರುವಿನಲ್ಲಿಟ್ಟರೆ ಬೀಗ ಒಡೆದಾರು, ಆಸ್ಪತ್ರೆಗೆ ಒಯ್ದರೆ ಎಲ್ಲಾದರೂ ಬಿದ್ದುಹೋದೀತು. ಕೊನೆಗೆ ನಾಯಿಯ ಹಾಸಿಗೆಯ ಮೂಲೆ ಬಿಚ್ಚಿ, ಬಳೆ ತುರುಕಿ, ಬಿಳಿ ದಾರದಲ್ಲಿ ಹೊಲಿದುಬಿಟ್ಟಳು. ಮುದಿ ನಾಯಿ ಉಚ್ಚೆ ಹೊಯ್ಯುವ ಹಾಸಿಗೆಗೆ ಯಾವ ಕಳ್ಳ ಕೈ ಹಾಕುತ್ತಾನೆ? ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಳು. ಆದರೂ ತಂಗಿಯ ಮಂಚದ ಪಕ್ಕ ಕೂತಷ್ಟು ದಿನವೂ ಜೀವವೆಲ್ಲ ಆ ಮೂಲೆಯಲ್ಲೇ ಇತ್ತು.

ಈಗ ಹಾಸಿಗೆ ಜಗುಲಿಯ ಬಿಸಿಲಿನಲ್ಲಿತ್ತು. ಒಗೆದು ಬೆಳ್ಳಗಾಗಿತ್ತು. ನಾಯಿ ಅದರ ಮೇಲೆ ಮಹಾರಾಜನಂತೆ ಮಲಗಿತ್ತು. ದರ್ಜಿಯಮ್ಮ ಕುಕ್ಕರಗಾಲಿನಲ್ಲಿ ಕೂತು ಮೂಲೆ ನೋಡಿದಳು. ಅವಳ ಬಿಳಿ ದಾರ ಮಾಯ. ಉದ್ದಕ್ಕೂ ನೀಲಿ ದಾರದ ಸಣ್ಣ ಹೊಲಿಗೆ, ಪರರ ಕೈಯದು. ಒತ್ತಿದಳು. ಬರೀ ಹತ್ತಿ.

"ಅಯ್ಯೋ ಅಕ್ಕಾ, ಇವತ್ತೇ ಬಂದ್ರಾ? ತಂಗಿ ಹೇಗಿದಾರೆ?" ಹೆಂಡತಿ ಬಾಗಿಲಿಗೆ ಬಂದಳು.

"ಇದಾಳೆ. ಹಾಸಿಗೆ ಯಾಕೆ ಬಿಚ್ಚಿದ್ರಿ?"

"ವಾಸನೆ ಬರ್ತಿತ್ತು. ಒಗೆದು, ಹತ್ತಿ ಬಿಸಿಲಿಗೆ ಹಾಕಿ, ಮತ್ತೆ ತುಂಬಿದೆ."

ಅಷ್ಟು ಹೇಳಿ ಸುಮ್ಮನೆ ಅವಳ ಮುಖ ನೋಡಿದಳು. ಬಳೆ ಎಲ್ಲಿ ಎಂದು ಕೇಳಿದರೆ, ನಿಮ್ಮನ್ನು ಕಳ್ಳರೆಂದುಕೊಂಡೇ ಬಚ್ಚಿಟ್ಟೆ ಎಂದು ಒಪ್ಪಿಕೊಂಡ ಹಾಗೆ. ಅವರು ನೋಡೇ ಇಲ್ಲ ಎಂದರಂತೂ ಮುಂದೆ ಹೇಳುವುದಕ್ಕೇ ಏನೂ ಇಲ್ಲ.

"ನಾನು ಬಂದಾಯ್ತಲ್ಲ, ನೀವಿನ್ನು ಹೊರಡಬಹುದು," ಎಂದಳು.

ಅವರಿಗೆ ಮುಂದಿನ ಮನೆ ಸಿಗುವುದು ನಾಳೆ ಎಂದು ಅವಳಿಗೂ ಗೊತ್ತಿತ್ತು. ಹೆಂಡತಿಯ ಹಿಂದೆ ಬಂದು ನಿಂತಿದ್ದ ಗಂಡ ನಕ್ಕ. "ಆಯ್ತಕ್ಕ. ಸ್ಟೇಷನ್‌ನಲ್ಲಿ ಬೆಂಚುಗಳಿಗೇನು ಬರವಾ?"

ಇಬ್ಬರೂ ಚೀಲ ಕಟ್ಟಿ ತಂದರು. ಆಮೇಲೆ ಹೆಂಡತಿ ಜಗುಲಿಯ ಮೇಲೊಂದು ಬೆಡ್‌ಶೀಟ್ ಹಾಸಿ, ಕಟ್ಟಿದ ಎರಡೂ ಚೀಲಗಳನ್ನು ಅದರ ಮೇಲೆ ಮಗುಚಿಬಿಟ್ಟಳು.

"ಇದೇನಿದು?"

"ಎಲ್ಲ ಮನೇಲೂ ಹೀಗೇ ಮಾಡ್ತೀವಿ ಅಕ್ಕ. ಒಂದ್ಸಲ ನೋಡ್ಕೊಂಡುಬಿಟ್ರೆ ನಿಮಗೂ ನಿದ್ದೆ, ನಮಗೂ ನಿದ್ದೆ."

"ಛೆ ಛೆ, ಇದೆಲ್ಲ ಯಾಕೆ," ಎಂದಿತು ಬಾಯಿ. ಕಣ್ಣು ಮಾತ್ರ ಆಗಲೇ ಕೆಲಸಕ್ಕಿಳಿದಿತ್ತು. ನಾಲ್ಕು ಜೊತೆ ಬಟ್ಟೆ. ಒಂದು ಪಾತ್ರೆ. ಬಿಪಿ ಮಾತ್ರೆ. ಊರೂರಲ್ಲಿ ಆಯ್ದ ಗುಂಡುಕಲ್ಲು. ಒಂದು ಇಡೀ ಟವೆಲು, ಇನ್ನೊಂದು ಅರ್ಧ. ದರಿದ್ರರು, ಹರಿದ ಟವೆಲನ್ನೂ ಬಿಸಾಡದೆ ಹೊತ್ತು ತಿರುಗುತ್ತಾರೆ ಎಂದುಕೊಂಡಳು. ಬಳೆ ಇರಲಿಲ್ಲ.

"ಆ ಪಕ್ಕದ ಜಿಪ್ಪು?"

ಮಾತು ಜಾರಿಬಿಟ್ಟಿತ್ತು. ಗಂಡನ ನಗು ಮೊದಲ ಸಲ ನಿಂತಿತು. ಹೆಂಡತಿ ಜಿಪ್ಪು ಎಳೆದಳು. ಒಳಗಿದ್ದದ್ದು ಒಂದು ಸೂಜಿ, ಒಂದು ನೀಲಿ ದಾರದ ಉಂಡೆ.

ಎಲ್ಲವನ್ನೂ ಮತ್ತೆ ತುಂಬಿಕೊಂಡು, ನಾಯಿಯ ತಲೆ ಸವರಿ, ಇಬ್ಬರೂ ಹೊರಟರು. ಗೇಟು ದಾಟಿದ ಮೇಲೆ ಹೆಂಡತಿ ತಿರುಗಿದಳು. "ಅಕ್ಕ, ಮೂಲೇಲಿ ಇದ್ದದ್ದು ಮುದುಕನ ಪಕ್ಕೆಗೆ ಒತ್ತುತಿತ್ತು. ನಡುವಿಗೆ ಸರಿಸಿದೀನಿ."

ಅವರು ಬೀದಿಯ ತಿರುವು ದಾಟುವವರೆಗೂ ದರ್ಜಿಯಮ್ಮ ನಿಂತಲ್ಲೇ ನಿಂತಿದ್ದಳು. ಆಮೇಲೆ ನಾಯಿಯನ್ನು ಎಬ್ಬಿಸಿ, ಕತ್ತರಿ ತಂದು ನೀಲಿ ಹೊಲಿಗೆ ಬಿಚ್ಚಿದಳು. ಹೊಲಿಗೆ ಗಟ್ಟಿಯಾಗಿತ್ತು, ಬೇಗ ಬಿಡಲಿಲ್ಲ. ಹತ್ತಿಯ ನಡುವೆ ಕೈಗೆ ಸಿಕ್ಕಿದ್ದು ಅರ್ಧ ಟವೆಲಿನ ಮೆತ್ತನೆಯ ಗಂಟು. ಅದರೊಳಗೆ ಎರಡೂ ಬಳೆ, ಒಂದಕ್ಕೊಂದು ತಾಗಿ ಸವೆಯದಂತೆ ಬೇರೆ ಬೇರೆ ಮಡಿಕೆಯಲ್ಲಿದ್ದವು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಬಳೆಗಳನ್ನು ನೆಲದ ಮೇಲಿಟ್ಟು ಟವೆಲಿನ ಅಂಚು ಸವರಿದಳು. ಕತ್ತರಿಸಿದ ಕಡೆ ಎಳೆ ಬಿಡುತ್ತಿತ್ತು. ಅತ್ತ ನಾಯಿ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ, ಬೀದಿಯ ಕಡೆ ಮೂಗೆತ್ತಿ ಬಾಲ ಆಡಿಸುತ್ತ ನಿಂತಿತ್ತು.