ಕೊನೆಯ ಮಗುವಿನ ಕೈಗುಣ

ಕಿಟಕಿಯ ಏಸಿ ಎತ್ತಲು ಹೋಗಿ ತಾರಾನಾಥನ ಸೊಂಟ ಹಿಡಿದುಕೊಂಡಿತು. ಕೊಲ್ಲಿನಾಡಿನ ಜಿಂಜ್ ಬಡಾವಣೆಯಲ್ಲಿ ಅವನ ಪಕ್ಕದ ಫ್ಲ್ಯಾಟಿನಲ್ಲಿದ್ದ ಪೋಲೆಂಡಿನ ನರ್ಸ್ ಹಲೀನಾ, ಮಾತ್ರೆ ಮುಲಾಮು ಬಿಟ್ಟು, ತನ್ನಜ್ಜಿಯ ಮದ್ದು ಹೇಳಿದಳು: ರೋಗಿ ಹೊಸ್ತಿಲ ಮೇಲೆ ಬೋರಲು ಮಲಗಬೇಕು, ಅವನ ಬೆನ್ನ ಮೇಲೆ ಪೊರಕೆ ಇಡಬೇಕು, ಮನೆಯ ಕೊನೆಯ ಮಗು ಅದನ್ನು ಕೊಡಲಿಯಿಂದ ಮೂರು ಸಲ ಕಡಿಯಬೇಕು.

“ಹಿಡಿಸೂಡಿಯಾ? ನನ್ನ ಮೈಮೇಲೆ?” ಎಂದು ತಾರಾನಾಥ ಸಿಡುಕಿದ. ಹೆಂಡತಿ ಉಮಾವತಿ ಕಿವಿಗೇ ಹಾಕಿಕೊಳ್ಳದೆ ಅವನನ್ನು ಹೊಸ್ತಿಲ ಮೇಲೆ ಮಲಗಿಸಿ, ಬೆನ್ನ ಮೇಲೆ ಪೊರಕೆ ಇಟ್ಟು, ಕೊಡಲಿಯ ಬದಲು ಸೌಟನ್ನು ನಾಲ್ಕು ವರ್ಷದ ಕಿರಿಮಗಳ ಕೈಗೆ ಕೊಟ್ಟಳು. ಮಗಳು ಮೂರಲ್ಲ, ಹತ್ತು ಸಲ ಬಾರಿಸಿದಳು.

“ನೋವು ಹಾಗೇ ಉಂಟು ಮಾರಾಯ್ತಿ!”

ಹಲೀನಾ ಹುಬ್ಬು ಗಂಟಿಕ್ಕಿದಳು. “ಸಾಧ್ಯವೇ ಇಲ್ಲ. ಇವಳೇ ಕೊನೆಯ ಮಗು ತಾನೆ?”

ಉಮಾವತಿಯ ಮುಖ ಕೆಂಪೇರಿತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, “ಅಲ್ಲ” ಎಂದಳು.

ಅಷ್ಟು ಕೇಳಿದ್ದೇ ತಾರಾನಾಥ ಸೊಂಟ ಮರೆತು ಚಂಗನೆ ಎದ್ದು ನಿಂತ.