ಚುಕ್ಕಿಯಿಲ್ಲದ ಬೆಟ್ಟ

ಪೀಣ್ಯದ ಆ ಆಫ್‌ಸೆಟ್ ಪ್ರೆಸ್ಸಿನಲ್ಲಿ ಭಾಗ್ಯಶ್ರೀ ಕ್ಯಾಮೆರಾ ಕೋಣೆಯವಳು. ಗಿರಾಕಿಗಳು ತಂದ ಚಿತ್ರಗಳನ್ನು ಅಚ್ಚಿಗೆ ಒಗ್ಗುವಂತೆ ಸಣ್ಣ ಚುಕ್ಕಿಗಳಾಗಿ ಒಡೆದು ಫಿಲ್ಮಿಗಿಳಿಸುವುದು ಅವಳ ಕೆಲಸ. ಬಾಗಲಕೋಟೆ ಕಡೆಯಿಂದ ಬಂದ ಈ ಮೂರು ವರ್ಷಗಳಲ್ಲಿ ಭೂತಗನ್ನಡಿಯ ಕೆಳಗೆ ಅವಳು ಕಂಡದ್ದೆಲ್ಲ ಬರೀ ಚುಕ್ಕಿ. ದೇವರ ಮುಖವಾಗಲಿ, ಸೋಪಿನ ಜಾಹೀರಾತಾಗಲಿ, ಹತ್ತಿರ ಹೋದರೆ ಚುಕ್ಕಿಗಳ ರಾಶಿ.

1995ರ ನವೆಂಬರಿನಲ್ಲಿ ಜಾಲಹಳ್ಳಿಯ ಸಿದ್ದರಾಮಪ್ಪನವರು ತಮ್ಮ ಬಡಾವಣೆಯ ಸಂಘದ ಕ್ಯಾಲೆಂಡರಿಗೆಂದು ಕಟ್ಟು ಹಾಕಿದ ಹಳೆಯ ಚಿತ್ರವೊಂದನ್ನು ತಂದರು. ಹಿಮ ಹೊತ್ತ ಬೆಟ್ಟಸಾಲು, ಬುಡದಲ್ಲಿ ನಾಲ್ಕು ಮನೆ, ಮರದ ಸೇತುವೆ ದಾಟುವ ಮೇಕೆಗಳು. ಕೆಳಗೆ ಸಣ್ಣಕ್ಷರದಲ್ಲಿ 1842.

ಗಾಜು ತೆಗೆದು ಭೂತಗನ್ನಡಿ ಇಟ್ಟವಳೇ ಭಾಗ್ಯಶ್ರೀ ಕೂಗಿದಳು. "ಸರ, ಇದ್ರಾಗ ಚುಕ್ಕಿನೇ ಇಲ್ರೀ! ಬರೇ ಗೆರಿ!"

ಸಿದ್ದರಾಮಪ್ಪ ಬಗ್ಗಿ ನೋಡಿದರು. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಉಕ್ಕಿನ ಮೇಲೆ ಅಚ್ಚು ಕೆತ್ತಿದವರು ಅವರು. ಕಾಗದದ ಅಂಚಿನಲ್ಲಿದ್ದ ತಗ್ಗನ್ನು ಹೆಬ್ಬೆರಳಿನಿಂದ ಸವರಿದರು.

"ಇದು ಕೆತ್ತಿದ ತಗಡನ್ನ ಕಾಗದಕ್ಕೆ ಒತ್ತಿದ ಗುರುತು ಕಣಮ್ಮ! ಆ ಮೋಡ ನೋಡು. ಒಂದೊಂದು ಗೆರೇನೂ ಉಳೀಲಿ ಕೆತ್ತಿದಾನೆ. ಹತ್ತು ವರ್ಷದಿಂದ ಗೋಡೆ ಮೇಲಿತ್ತು, ನಾನು ಮಾಮೂಲಿ ಪ್ರಿಂಟು ಅಂದ್ಕೊಂಡಿದ್ದೆ!"

"ಹಂಗಾರ ಇದನ್ನ ಚುಕ್ಕಿ ಮಾಡಬಾರದು," ಎಂದಳು ಭಾಗ್ಯಶ್ರೀ. "ಗೆರೀನ ಗೆರಿಯಾಗೇ ಹಿಡೀತೀನಿ."

ಮಾಲೀಕ ಕರಿಬಸಪ್ಪ ಒಳಬಂದು ಗೊಣಗಿದರು. "ಮೋಡ ಪೂರ್ತಿ ಮಾಯ ಆಗತ್ತೆ ನೋಡ್ತಿರು. ಎರಡೇ ಫಿಲ್ಮ್ ಕೊಡ್ತೀನಿ, ಅಷ್ಟೇ."

ಮೊದಲ ಫಿಲ್ಮಿನಲ್ಲಿ ಅವರು ಹೇಳಿದಂತೆಯೇ ಆಯಿತು. ಬೆಟ್ಟ ಬಂತು, ಆಕಾಶ ಬೋಳು. ಭಾಗ್ಯಶ್ರೀ ಫಿಲ್ಮಿಗೆ ಭೂತಗನ್ನಡಿ ಹಿಡಿದಳು. ಬೆಳಕು ಹೆಚ್ಚಾಗಿ ಸಣ್ಣ ಗೆರೆಗಳು ಮುಚ್ಚಿಹೋಗಿದ್ದವು. ನಾಲ್ಕು ಸೆಕೆಂಡು ಕಡಿಮೆ ಮಾಡಿ, ಉಸಿರು ಬಿಗಿಹಿಡಿದು ಎರಡನೆಯದನ್ನು ತೆಗೆದಳು. ಕೆಂಪು ದೀಪದಡಿ, ತಟ್ಟೆಯ ದ್ರಾವಣದಲ್ಲಿ ಕೂದಲೆಳೆಯಂಥ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಬೆಳಕಿಗೆ ಕೆಡದಂತೆ ಅದನ್ನು ಇನ್ನೊಂದು ದ್ರಾವಣದಲ್ಲಿ ಅದ್ದಿ ತೆಗೆದು, ಅವಳು ಬಾಗಿಲು ತಳ್ಳಿಕೊಂಡು, ಒದ್ದೆ ಫಿಲ್ಮ್ ಹಿಡಿದೇ ಹೊರಗೋಡಿದಳು.

ಮಧ್ಯಾಹ್ನ ಮೂರಕ್ಕೆ ಆ ಫಿಲ್ಮಿನಿಂದ ಮಾಡಿದ ಪ್ಲೇಟು ಯಂತ್ರಕ್ಕೇರಿತು. ಊಟ ಮುಗಿಸಿದವರೆಲ್ಲ ಸುತ್ತ ನಿಂತಿದ್ದರು. ಮೊದಲ ಹಾಳೆ ಹೊರಬಿದ್ದಾಗ ಸಿದ್ದರಾಮಪ್ಪ ಅದನ್ನು ಕಿಟಕಿಗೆ ಹಿಡಿದು ಮೋಡದ ಗೆರೆಗಳ ಮೇಲೆ ಉಗುರು ಆಡಿಸಿದರು.

"ಎಲ್ಲಾ ಇದೆ ಕಣ್ರೀ! ಒಂದೂ ಬಿಟ್ಟಿಲ್ಲ!"

ಕರಿಬಸಪ್ಪ ಹಾಳೆಯನ್ನು ಕಿತ್ತುಕೊಂಡು ದಿಟ್ಟಿಸಿದರು. ಆಮೇಲೆ ಯಂತ್ರದವನತ್ತ ತಿರುಗಿ, "ಓಡ್ಸು ಮಗಾ! ನಮ್ಗೂ ಹತ್ತು ಜಾಸ್ತಿ ಹಾಕು," ಎಂದರು.

ಸಿದ್ದರಾಮಪ್ಪ ಭಾಗ್ಯಶ್ರೀಯ ಬಳಿ ಬಂದರು. "ನನ್ನ ಉಳಿಗಳು ಇನ್ನೂ ಮನೇಲಿವೆ. ಗೆರೆ ಹೆಂಗೆ ಎಳೀತಾರೆ ಅಂತ ಕಲೀತೀಯೇನಮ್ಮ? ಮುಂದಿನ ತಿಂಗಳು ಬಿಡುವು ಮಾಡ್ಕೊಂಡು..."

"ಮುಂದಿನ ತಿಂಗಳು ಯಾಕ್ರೀ?" ಎಂದಳು ಅವಳು. "ನಾಳೆ ರಜಾ ಅದ. ಮುಂಜಾನೇನೇ ಬರ್ತೀನಿ. ಮನಿ ಎಲ್ಲಿ ಹೇಳ್ರಿ!"