ಗಗನಾ ಹಗ್ಗ ಬಿಟ್ಟಿದ್ದು

ಶ್ರೀಗಂಧದ ಕಾವಲಿನ ಮೂರನೇ ಕ್ರಾಸಿನ ಹೆಂಗಸರಿಗೆ ರಾಜ್ಯೋತ್ಸವ ಅಂದರೆ ಬಾವುಟವೂ ಅಲ್ಲ, ಆರ್ಕೆಸ್ಟ್ರಾವೂ ಅಲ್ಲ. ಹಗ್ಗ ಜಗ್ಗಾಟ! ನಾಲ್ಕನೇ ಕ್ರಾಸಿನವರನ್ನು ಗೆರೆಯಿಂದ ಈಚೆಗೆ ಎಳೆದು ಮಣ್ಣು ಮುಕ್ಕಿಸಿದರೇ ಅವರಿಗೆ ವರ್ಷವಿಡೀ ಸಮಾಧಾನ. ಆ ಟೀಮಿನ ಬಲವೆಲ್ಲ ಹಗ್ಗದ ಕಟ್ಟಕಡೆಯಲ್ಲಿ ನಿಲ್ಲುವ ಗಗನಾ, ಹೈಸ್ಕೂಲಿನ ಪಿ.ಟಿ. ಮೇಡಂ. ಹಿಮ್ಮಡಿ ಊರಿ ನಿಂತಳೆಂದರೆ ನಿಂತಳು, ಯಾರಾದರೂ ಅಲ್ಲಾಡಿಸಲಿ ನೋಡೋಣ.

ಆದರೆ ಈ ಸಲ ಕ್ಯಾಪ್ಟನ್ ಅನಂತಲಕ್ಷ್ಮಿ ಆಂಟಿಗೆ ಊಟ ಸೇರುತ್ತಿರಲಿಲ್ಲ. ಕಾರಣ, ಗಗನಾಳ ಆಪರೇಷನ್.

ಗಗನಾಗೆ ಪಿಸಿಓಡಿ. ಕಾಲೇಜು ಸೇರಿದಾಗಿನಿಂದ ಮಾತ್ರೆ ನುಂಗಿದರೆ ಮುಟ್ಟು, ಇಲ್ಲದಿದ್ದರೆ ಇಲ್ಲ. ಮದುವೆಯಾದ ಮೇಲೆ ಮೊಟ್ಟೆ ಬಲಿಯುವ ಮಾತ್ರೆಯನ್ನು ಏರಿಸಿ ಏರಿಸಿ ಕೊಟ್ಟದ್ದೂ ಆಯಿತು. ಅಂಡಾಶಯ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಡಾಕ್ಟರ್ ಸತ್ಯವತಿ ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಅಂಡಾಶಯಗಳ ಮೇಲೆ ಅಲ್ಲಲ್ಲಿ ಕಾದ ಸೂಜಿಯಿಂದ ಚುಕ್ಕಿ ಇಟ್ಟರು.

"ನೋಡಮ್ಮಾ, ನಿನ್ನ ಅಂಡಾಶಯ ಗಂಡು ಹಾರ್ಮೋನನ್ನ ಜಾಸ್ತಿ ತಯಾರಿಸ್ತಾ ಇತ್ತು. ಮೊಟ್ಟೆಗಳು ಅರ್ಧಕ್ಕೇ ನಿಂತುಬಿಡ್ತಿದ್ವು," ಎಂದರು ಡಾಕ್ಟರು. "ಅದನ್ನ ತಯಾರಿಸೋ ಭಾಗಾನ ಒಂಚೂರು ಸುಟ್ಟಿದೀವಿ. ಇನ್ನು ಆ ಹಾರ್ಮೋನ್ ಇಳಿಯುತ್ತೆ, ಮೆದುಳಿನ ಕಡೆಯಿಂದ ಬರೋ ಹಾರ್ಮೋನೂ ಹದಕ್ಕೆ ಬರುತ್ತೆ. ಆಗ ಮೊಟ್ಟೆ ತಾನಾಗೇ ಬಲೀಬೇಕು, ಮುಟ್ಟೂ ತಾನಾಗೇ ಬರ್ಬೇಕು. ಎಲ್ರಿಗೂ ಆಗುತ್ತೆ ಅಂತ ಹೇಳಲ್ಲ. ಎರಡು ತಿಂಗಳು ಹಾರ್ಮೋನ್ ಮಾತ್ರೆ ಬೇಡ, ಕಾದು ನೋಡೋಣ."

ಗಗನಾಳ ಕಿವಿಗೆ ಬಿದ್ದದ್ದು 'ತಾನಾಗೇ' ಅನ್ನುವ ಮಾತು. ಕ್ಯಾರಿಯರ್‌ನಲ್ಲಿ ಸಾರನ್ನ ಹಿಡಿದು ಬಂದಿದ್ದ ಆಂಟಿಯ ಕಿವಿಗೆ ಬಿದ್ದದ್ದು ಬೇರೆಯೇ.

"ಗಂಡು ಹಾರ್ಮೋನ್ ಇಳಿದ್ರೆ ಇವಳ ತೋಳ್ಬಲದ ಗತಿ ಏನು ಡಾಕ್ಟ್ರೇ? ನವೆಂಬರ್ ಕಳೆದ್ಮೇಲೆ ಮಾಡ್ಬಾರ್ದಿತ್ತಾ?"

ಡಾಕ್ಟರು ಬಿದ್ದು ಬಿದ್ದು ನಕ್ಕರು. "ಅದು ಅವಳು ದುಡಿದು ಗಳಿಸಿರೋ ಬಲ ಆಂಟಿ, ಎಲ್ಲಿಗೂ ಓಡಿಹೋಗಲ್ಲ."

ಆಂಟಿ ನಂಬಬೇಕಲ್ಲ! ಮಾರನೆಯ ವಾರದಿಂದಲೇ ಮುದ್ದೆ, ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ ಗಗನಾಳ ಮನೆಗೆ ನುಗ್ಗತೊಡಗಿದವು. ತನ್ನ ಮನೆಯೊಳಗೆ ಕೋಳಿಮೊಟ್ಟೆಯ ಹೆಸರೆತ್ತಗೊಡದ ಹೆಂಗಸು ಗೇಟಿನಾಚೆ ನಿಂತು, "ಬೇಯಿಸಿದ್ದು ತಿಂದ್ಯೇನೇ?" ಎಂದು ಪಿಸುಗುಟ್ಟುತ್ತಿದ್ದಳು. ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಇಳಿದಿದೆಯೆಂದು ತಿಳಿದಾಗ ಗಗನಾ ಕುಣಿದಳು, ಆಂಟಿ ಮುಖ ಸಪ್ಪಗೆ ಮಾಡಿಕೊಂಡು, "ಅಷ್ಟೊಂದು ಇಳಿಸ್ಬೇಕಿತ್ತಾ?" ಎಂದಳು.

ಆದರೆ ಹಾರ್ಮೋನ್ ಇಳಿದರೂ ಮುಟ್ಟಿನ ಸುಳಿವಿಲ್ಲ. ಗಗನಾ ಆಸೆಯಿಂದ ಬಚ್ಚಲಿಗೆ ಹೋಗುವಳು, ಮುಖ ಉದ್ದ ಮಾಡಿಕೊಂಡು ಬರುವಳು. ಗಂಡ ಮಧ್ವೇಶ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅವಳ ಮುಖ ನೋಡಿ ಸುಮ್ಮನೆ ಕಾಫಿ ಬೆರೆಸಲು ಏಳುತ್ತಿದ್ದ. ಅದೇ ಅವಳಿಗೆ ಇನ್ನಷ್ಟು ಸಂಕಟ. ಎರಡು ತಿಂಗಳು ಮುಗಿಯುತ್ತ ಬಂತು. ಬರದಿದ್ದರೆ ಮತ್ತೆ ಮಾತ್ರೆ, ಇಂಜೆಕ್ಷನ್ನು, ಅದೇ ಹಳೆಯ ಗೋಳು.

ಅಷ್ಟರಲ್ಲಿ ಪಂದ್ಯದ ದಿನ ಬಂದೇಬಿಟ್ಟಿತು. ಆಡಬಹುದೆಂದು ಡಾಕ್ಟರು ಹೇಳಿದ್ದರು. ಎದುರು ತುದಿಯಲ್ಲಿ ಪಾರವ್ವ: ಬಾಗಲಕೋಟೆಯಿಂದ ಬಂದು ಖಾನಾವಳಿ ಇಟ್ಟವಳು, ದಿನವಿಡೀ ಜೋಳದ ರೊಟ್ಟಿ ಬಡಿದ ಕೈ. ಸೀಟಿ ಬಿತ್ತು. "ಎಳೀರೇ!" ಎಂದು ಆಂಟಿ ಗಂಟಲು ಹರಿದುಕೊಂಡಳು. ಹಗ್ಗ ಅತ್ತಲೂ ಹೋಗದು, ಇತ್ತಲೂ ಬಾರದು.

ಆಗ ಗಗನಾಳ ಕಿಬ್ಬೊಟ್ಟೆಯಲ್ಲಿ ಏನೋ ಹಿಂಡಿತು. ಎಳೆದದ್ದಕ್ಕಿರಬೇಕು ಅಂದುಕೊಂಡಳು. ಮತ್ತೆ ಹಿಂಡಿತು. ಆಮೇಲೆ ಬೆಚ್ಚಗಾಯಿತು.

ಬಂತಾ? ಬಂತು! ಮಾತ್ರೆಯಿಲ್ಲ, ಮಣ್ಣಿಲ್ಲ, ಬಂದೇಬಿಟ್ಟಿತು!

ಗಗನಾಗೆ ನಗು ಒತ್ತರಿಸಿ ಬಂತು. ನಗುವವರ ಕೈಯಲ್ಲಿ ಹಗ್ಗ ನಿಲ್ಲುತ್ತದೆಯೇ? ಮೂರನೇ ಕ್ರಾಸಿಗೆ ಮೂರನೇ ಕ್ರಾಸೇ ದಬದಬನೆ ಗೆರೆ ದಾಟಿ ಮಣ್ಣಿಗೆ ಬಿತ್ತು.

"ನಾನು ಬಡ್ಕೊಂಡೆ! ಹಾರ್ಮೋನ್ ಇಳೀತು, ಬಲಾನೂ ಇಳೀತು!" ಎಂದು ಆಂಟಿ ಬಿದ್ದಲ್ಲಿಂದಲೇ ಕೂಗಿದಳು.

ಗಗನಾ ಅಂಬೆಗಾಲಲ್ಲಿ ಬಂದು ಅವಳ ಕಿವಿಗೆ ಬಾಯಿಟ್ಟಳು. "ಆಂಟಿ, ಆಯ್ತು. ಮಾತ್ರೆ ಇಲ್ದೇನೇ ಆಯ್ತು."

"ಏನೇ? ತಾನಾಗೇ?"

"ತಾನಾಗೇ ಆಂಟಿ! ಹೊಟ್ಟೆ ನೋಯ್ತಾ ಇದೆ. ಎಷ್ಟು ಚೆನ್ನಾಗಿ ನೋಯ್ತಾ ಇದೆ ಗೊತ್ತಾ!"

ಆಂಟಿ ಕಿಟಾರನೆ ಕಿರುಚಿ ಅವಳನ್ನು ತಬ್ಬಿಕೊಂಡಳು. ಸುದ್ದಿ ಕಿವಿಯಿಂದ ಕಿವಿಗೆ ಹಾರಿ, ಸೋತ ಹೆಂಗಸರೆಲ್ಲ ಕುಣಿಯತೊಡಗಿದರು.

"ಸೋತವ್ರು ಕುಣ್ಯಾಕ್ಹತ್ತೀರಲ್ಲ, ತಲಿ ಕೆಟ್ಟೈತೇನ್ರೀ?" ಎಂದಳು ಪಾರವ್ವ.

ಈಗ ಬೇಕಿದ್ದದ್ದು ಪ್ಯಾಡು. ಗಗನಾ ಅದನ್ನು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟವಳು. ಅವಳ ಕಡೆಯವರ ಯಾರ ಪರ್ಸಿನಲ್ಲೂ ಇಲ್ಲ. ಆಂಟಿ ಮಾನ ಬಿಟ್ಟು ಗೆರೆ ದಾಟಿ ಪಾರವ್ವನ ಕಿವಿಯಲ್ಲಿ ಉಸುರಿದಳು. "ಹೌದಾ? ಭಾಳ ಚಲೋ ಆತ್ ನೋಡ್ರಿ!" ಎಂದ ಪಾರವ್ವ ಹಗ್ಗ ಬಿಸಾಕಿ, ಗಗನಾಳ ಕೈ ಹಿಡಿದು, ಪಕ್ಕದಲ್ಲೇ ಇದ್ದ ತನ್ನ ಮನೆಗೆ ದರದರನೆ ಎಳೆದುಕೊಂಡು ಹೋದಳು.

ಅವರು ಮರಳುವ ಹೊತ್ತಿಗೆ ಮೈಕಿನವನ ತಾಳ್ಮೆ ಕೆಟ್ಟಿತ್ತು. "ಮೂರನೇ ಕ್ರಾಸ್ ಲೇಡೀಸ್, ಹತ್ತು ನಿಮಿಷ ಆಯ್ತು. ಬರ್ದಿದ್ರೆ ಎರಡನೇ ರೌಂಡೂ ಸೋತಂಗೆ!"

ಆಂಟಿ ವೇದಿಕೆ ಹತ್ತಿ ಮೈಕು ಕಿತ್ತುಕೊಂಡಳು. "ಸ್ವಲ್ಪ ಕಾಯಪ್ಪಾ! ನಮ್ಮ ಹುಡುಗಿ ಹನ್ನೆರಡು ವರ್ಷ ಕಾದಿದಾಳೆ, ನಿನ್ ಕೈಲಿ ಹತ್ತು ನಿಮಿಷ ಆಗಲ್ವಾ?"

ಗಂಡಸರು ಮುಖ ಮುಖ ನೋಡಿಕೊಂಡರು. ಯಾರಿಗೂ ತಲೆಬುಡ ತಿಳಿಯಲಿಲ್ಲ. ಕಡಲೆಕಾಯಿ ತಿನ್ನುತ್ತ ನಿಂತಿದ್ದ ಮಧ್ವೇಶನಿಗೊಬ್ಬನಿಗೆ ತಿಳಿಯಿತು. ಪೊಟ್ಟಣ ಕೈಬಿಟ್ಟು, ಹಗ್ಗವನ್ನೇ ಎಡವಿಕೊಂಡು ಓಡಿಬಂದು ಹೆಂಡತಿಯ ಮುಂದೆ ನಿಂತ. ಕಣ್ಣು ತುಂಬಿತ್ತು.

"ಆಮೇಲೆ ಅಳೋಣ ಕಣ್ರೀ, ಪಕ್ಕಕ್ಕೆ ಸರೀರಿ," ಎಂದು ಗಗನಾ ಹಗ್ಗ ಹಿಡಿದು ಹಿಮ್ಮಡಿ ಊರಿದಳು.